ಆ ಸಕ್ಕರೆ ಎಲ್ಲಿಗೆ ಹೋಯಿತು?

ಪ್ರಿಯರೇ,

ನಮಸ್ಕಾರ. ಮದ್ದೂರಿನ ಕಡೆಯಿಂದ ನೀವು ಕಳಿಸಿದ ಲೇಖನ ಕೈಸೇರಿತು. ಆಲೆಮನೆ ನಡೆಸುವ ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಬಂದದ್ದು, ಮನೆಯವರು ಅದನ್ನು ಎದುರಿಸಿದ್ದು, ಅದರ ನಡುವೆ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆ. ಎರಡು ಸಲ ಓದಿದೆ. ಮೊದಲ ಪುಟ ಚೆನ್ನಾಗಿದೆ. ಪಾಕದ ಹದ ಬಂತೋ ಇಲ್ಲವೋ ಎಂದು ಅಪ್ಪ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುವುದನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ. ಭಾಷೆಯಲ್ಲಿ ತೊಡಕಿಲ್ಲ. ಆದರೆ ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲಾರೆ.

ಕಾರಣ ಎರಡು ಪದಗಳು. ಒಂದು 'ಕರಗಿಸಿಬಿಡುತ್ತದೆ'. ಇನ್ನೊಂದು 'ಕೊನೆಗೆ'. ಉಳಿದ ಸಣ್ಣಪುಟ್ಟ ತಪ್ಪುಗಳನ್ನು ನಾನೇ ತಿದ್ದಿಕೊಳ್ಳುತ್ತೇನೆ, ಅವುಗಳ ಬಗ್ಗೆ ಮಾತು ಬೇಡ. ಈ ಎರಡನ್ನು ಮಾತ್ರ ಸುಮ್ನೆ ಬಿಡಲು ನನ್ನಿಂದ ಆಗುತ್ತಿಲ್ಲ.

ನಾಲ್ಕನೇ ಪುಟದಲ್ಲಿ ನೀವು ಬರೆದಿದ್ದೀರಿ: "ಇನ್ಸುಲಿನ್ ರಕ್ತದಲ್ಲಿರುವ ಸಕ್ಕರೆಯನ್ನು ಕರಗಿಸಿಬಿಡುತ್ತದೆ."

ಸಕ್ಕರೆ ರಕ್ತದಲ್ಲಿ ಕರಗಿಯೇ ಇರುತ್ತದೆ. ಕಾಫಿಯಲ್ಲಿ ಕರಗಿದ ಹಾಗೆ. ಕರಗಿದ್ದನ್ನು ಮತ್ತೆ ಕರಗಿಸುವುದು ಹೇಗೆ? ನಿಮ್ಮ ಮನಸ್ಸಿನಲ್ಲಿ ಇದ್ದದ್ದು 'ಇಲ್ಲವಾಗಿಸುತ್ತದೆ' ಎಂದು ಅಲ್ವಾ? ಅದೂ ಸರಿಯಲ್ಲ. ಇನ್ಸುಲಿನ್ ಸಕ್ಕರೆಯನ್ನು ಇಲ್ಲವಾಗಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಂತೆ ಮಾಡುತ್ತದೆ. ನೀವು ಆ ಸಾಲನ್ನು ಮುಗಿಸಿದ ಮೇಲೆ ನಾನು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದೇನೆ: ಎಲ್ಲಿಗೆ ಹೋಯಿತು?

ಆ ಪ್ರಶ್ನೆ ನನ್ನದಲ್ಲ, ನನ್ನ ಮೇಷ್ಟ್ರದು. 1986ರಲ್ಲಿ ಮೈಸೂರಿನ ಅಗ್ರಹಾರದ ಹತ್ತಿರ ಒಂದು ಸಣ್ಣ ವಾರಪತ್ರಿಕೆಗೆ ಸೇರಿದೆ. ಆಗ ನನಗೆ ಇಪ್ಪತ್ತೆರಡು. ಇನ್ನೂ ಮೊಳೆ ಜೋಡಿಸಿ ಅಚ್ಚು ಮಾಡುವ ಕಾಲ. ಸಂಪಾದಕರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ನನ್ನ ಮೊದಲ ವರದಿಯಲ್ಲಿ ಹೀಗೆ ಬರೆದಿದ್ದೆ: "ನಾಲೆಗೆ ನೀರು ಬಿಟ್ಟರು, ಗದ್ದೆಗಳು ನೆನೆದವು." ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲ್‌ನಲ್ಲಿ ಗೀಟೆಳೆದು, "ನಾಲೆಯಿಂದ ಗದ್ದೆಗೆ ಹೇಗೆ ಹೋಯ್ತು? ನೋಡ್ಕೊಂಡು ಬಾ" ಎಂದರು. ಬೆಳಗಿನ ಬಸ್ಸು ಹಿಡಿದು ನಾಲೆಯ ಕೊನೆ ಭಾಗದ ಒಂದು ಊರಿಗೆ ಹೋದೆ. ನಿಮ್ಮ ಕಡೆಯದೇ ಊರು.

ಅಲ್ಲಿ ಕಂಡದ್ದು ಇವತ್ತಿಗೂ ಕಣ್ಣಮುಂದಿದೆ. ಉಪನಾಲೆ ದಡ ಮುಟ್ಟಿ ಹರಿಯುತ್ತಿತ್ತು. ಅದಕ್ಕೆ ಅಂಟಿಕೊಂಡ ಗದ್ದೆ ಬಿರುಕು ಬಿಟ್ಟಿತ್ತು. ನಡುವೆ ಒಂದು ತೂಬು, ಅದಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನೀರುಗಂಟಿ ಹಾರೆ ಹಾಕಿ ಮೀಟುತ್ತಿದ್ದ. ಮೈಯೆಲ್ಲ ಬೆವರು. ಅರ್ಧ ಗಂಟೆಯಾದ ಮೇಲೆ ತೂಬು ನಾಲ್ಕು ಬೆರಳು ಎದ್ದಿತು, ನೀರು ಗದ್ದೆಗೆ ನುಗ್ಗಿತು. ನೀರು ಬಿಟ್ಟವರು ಬೇರೆ, ನೀರು ಕೊಟ್ಟವನು ಬೇರೆ ಎಂದು ಅವತ್ತು ತಿಳಿಯಿತು.

ನಿಮ್ಮ ಲೇಖನ ಓದುವಾಗ ಆ ನೀರುಗಂಟಿಯೇ ನೆನಪಾದ. ಇನ್ಸುಲಿನ್ ಮಾಡುವುದು ಅವನ ಕೆಲಸವನ್ನೇ. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಲ್ಲಿ ಸಕ್ಕರೆ ಒಳಗೆ ಹೋಗುವ ತೂಬುಗಳಿವೆ. ಗ್ಲುಟ್-4 ಎಂದು ಅವುಗಳ ಹೆಸರು. ಸುಮ್ಮನಿದ್ದಾಗ ಅವು ಜೀವಕೋಶದ ಒಳಗೇ ಅವಿತಿರುತ್ತವೆ. ಇನ್ಸುಲಿನ್ ಬಂದು ಹೊರಗಿನಿಂದ ತಟ್ಟಿದಾಗ ಅಂಚಿಗೆ ಬರುತ್ತವೆ, ಸಕ್ಕರೆ ಒಳಗೆ ಹೋಗುತ್ತದೆ. ಸ್ನಾಯು ಅದನ್ನು ಬಳಸಿಕೊಳ್ಳುತ್ತದೆ, ಇಲ್ಲವೇ ಗ್ಲೈಕೋಜನ್ ಎಂಬ ದಾಸ್ತಾನು ಮಾಡಿ ಕೂಡಿಡುತ್ತದೆ. 'ಎಲ್ಲಿಗೆ ಹೋಯಿತು' ಎಂಬುದಕ್ಕೆ ಉತ್ತರ ಇದು.

ಈಗ ಶುಗರ್ ಬಂದವರ ಸ್ಥಿತಿ ನೋಡಿ. ನಾಲೆ ತುಂಬಿದೆ, ಗದ್ದೆ ಒಣಗಿದೆ. ರಕ್ತದಲ್ಲಿ ಸಕ್ಕರೆ 300 ಇದ್ದರೂ ಮೈಯಲ್ಲಿ ಶಕ್ತಿ ಇಲ್ಲ, ತೂಕ ಇಳಿಯುತ್ತದೆ, ಸುಸ್ತು. ನಿಮ್ಮಪ್ಪ "ಹೊಟ್ಟೆ ತುಂಬ ಉಂಡರೂ ಕಾಲೆಳೆಯಲು ಆಗುತ್ತಿರಲಿಲ್ಲ" ಎಂದು ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಯಾಕೆ ಎಂದು ನಾಲ್ಕನೇ ಪುಟ ಹೇಳಬೇಕಿತ್ತು. 'ಕರಗಿಸಿಬಿಡುತ್ತದೆ' ಎಂಬ ಪದ ಆ ದಾರಿಯನ್ನು ಮುಚ್ಚಿಬಿಟ್ಟಿತು. ಟೈಪ್ 1 ಎಂಬ ಬಗೆಯ ಸಕ್ಕರೆ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ, ನೀರುಗಂಟಿಯೇ ಇಲ್ಲ. ನಿಮ್ಮಪ್ಪನಿಗೆ ಇರುವ ಟೈಪ್ 2ರಲ್ಲಿ ತೂಬು ಕಚ್ಚಿಕೊಂಡಿದೆ. ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಗ್ರಂಥಿ ವರ್ಷಗಟ್ಟಲೆ ನಿಭಾಯಿಸುತ್ತದೆ, ಬರಬರುತ್ತಾ ಸೋಲುತ್ತದೆ.

ಮುಂದಿನ ಸಾಲು: "ಆದ್ದರಿಂದ ಸಿಹಿ ಬಿಟ್ಟರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆ." ಹಿಂದಿನ ಸಾಲಿನ ತಪ್ಪು ಹೆತ್ತ ತಪ್ಪು ಇದು. ಒಂದು ಸಣ್ಣ ಲೆಕ್ಕ ಹಾಕಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಸಕ್ಕರೆ 100 ಇದೆ ಎಂದರೆ ಪ್ರತಿ ಡೆಸಿಲೀಟರ್‌ನಲ್ಲಿ 100 ಮಿಲಿಗ್ರಾಂ. ಅಂದರೆ ಇಡೀ ಮೈಯ ರಕ್ತದಲ್ಲಿ 5 ಗ್ರಾಂ, ಒಂದು ಟೀ ಚಮಚ. ಮುದ್ದೆಗೆ 100 ಗ್ರಾಂ ರಾಗಿಹಿಟ್ಟು ಹಿಡಿದರೆ ಅದರ ಮೂರರಲ್ಲಿ ಎರಡು ಪಾಲು ಪಿಷ್ಟ. ಅದು ಜೀರ್ಣವಾಗಿ ಆಗುವುದು ಗ್ಲೂಕೋಸೇ. ಒಂದು ಚಮಚ ಇರುವ ಜಾಗಕ್ಕೆ ಹನ್ನೆರಡು ಹದಿಮೂರು ಚಮಚ ಬರುತ್ತದೆ, ನಾಲಿಗೆಗೆ ಒಂದು ಹನಿ ಸಿಹಿ ಸೋಕದೆ. ರಾಗಿಯಲ್ಲಿ ನಾರು ಜಾಸ್ತಿ, ಮುದ್ದೆ ಉಪ್ಸಾರು ಒಳ್ಳೆಯ ಊಟ, ಬಿಡಬೇಕಾಗಿಲ್ಲ. ಆದರೆ ಎರಡು ಮುದ್ದೆ ಒಂದಾಗಿ, ಪಕ್ಕದಲ್ಲಿ ಸೊಪ್ಪು, ಕಾಳು ಹೆಚ್ಚಾಗಬೇಕು. ಬೆಲ್ಲದ ಬಗ್ಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೇ ಅಚ್ಚು ಹಾಕುತ್ತೀರಿ. ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಲ್ಲೇ ಇನ್ನೊಂದು ಒಳ್ಳೆಯ ಅವಕಾಶ ತಪ್ಪಿಸಿಕೊಂಡಿದ್ದೀರಿ. ಊಟವಾದ ಮೇಲೆ ಅಪ್ಪ ಗದ್ದೆ ಬದುವಿನ ಮೇಲೆ ನಡೆದು ಬರುತ್ತಾರೆ ಎಂದು ಒಂದು ಸಾಲು ಇದೆ, ಹೆಚ್ಚಿಗೆ ಏನೂ ಇಲ್ಲ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ತಟ್ಟದೆಯೂ ಆ ತೂಬುಗಳು ಅಂಚಿಗೆ ಬರುತ್ತವೆ. ನಡಿಗೆ ಎಂದರೆ ನೀರುಗಂಟಿಯ ಸಹಾಯವಿಲ್ಲದೆ ತೂಬು ಎತ್ತುವುದು. ಇದನ್ನು ಓದಿದರೆ ಯಾರಾದರೂ ಎದ್ದು ಚಪ್ಪಲಿ ಹಾಕಿಕೊಂಡಾರು. 'ವ್ಯಾಯಾಮ ಒಳ್ಳೆಯದು' ಎಂದರೆ ಯಾರೂ ಏಳುವುದಿಲ್ಲ.

ಮೂರನೇ ಸಾಲು: "ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಸಕ್ಕರೆ ಏರಿರುವುದು ಈ ಕಾಯಿಲೆಯ ವಿಚಿತ್ರ." ವಿಚಿತ್ರ ಎಂದು ಬರೆದು ಕೈತೊಳೆದುಕೊಂಡಿರಿ. ವಿಚಿತ್ರ ಏನೂ ಇಲ್ಲ. ಕನ್ನಂಬಾಡಿ ಕಟ್ಟೆ ಇರುವ ಜಿಲ್ಲೆಯವರು ನೀವು. ಮಳೆ ಇಲ್ಲದ ದಿನವೂ ನಾಲೆಯಲ್ಲಿ ನೀರು ಎಲ್ಲಿಂದ ಬರುತ್ತದೆ? ಲಿವರ್ ಒಂದು ಕಟ್ಟೆ. ಉಂಡಾಗ ಸಕ್ಕರೆ ಕೂಡಿಡುತ್ತದೆ, ಹಸಿದಾಗ, ಮಲಗಿದಾಗ ಬಿಡುತ್ತದೆ. ಮಿದುಳಿಗೆ ರಾತ್ರಿಯೂ ಸಕ್ಕರೆ ಬೇಕಲ್ಲ. ಎಷ್ಟು ಬಿಡಬೇಕು ಎಂದು ಹಿಡಿತದಲ್ಲಿ ಇಡುವುದೂ ಇನ್ಸುಲಿನ್ ಕೆಲಸ. ಆ ಹಿಡಿತ ತಪ್ಪಿದರೆ ಕಟ್ಟೆಯ ಗೇಟು ತೆರೆದೇ ಇರುತ್ತದೆ, ಉಪವಾಸ ಮಲಗಿದವರಿಗೂ ಬೆಳಿಗ್ಗೆ 180 ತೋರಿಸುತ್ತದೆ. ನಿಮ್ಮಪ್ಪ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ಆ ಗೇಟನ್ನೇ ತಗ್ಗಿಸುತ್ತದೆ. ಇದು ಗೊತ್ತಿಲ್ಲದವರು "ಉಂಡೇ ಇಲ್ಲ, ಮಾತ್ರೆ ಯಾಕೆ" ಎಂದು ತಾವೇ ಬಿಡುತ್ತಾರೆ. ಬಿಡುವುದು, ಮುಂದುವರಿಸುವುದು ಡಾಕ್ಟರನ್ನು ಕೇಳಿ ಆಗಬೇಕು. ಕೆಲವು ಮಾತ್ರೆ ತೆಗೆದುಕೊಂಡು, ಇಲ್ಲವೇ ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯಕ್ಕೆ ಇಳಿಯುತ್ತದೆ.

'ಕರಗಿಸು' ಎಂಬ ಪದದ ಮೇಲೆ ಇಷ್ಟು ಕೋಪ ಯಾಕೆ ಎಂದರೆ ಇದಕ್ಕೇ. ಯುಗಾದಿ ದಿನ ನಾಲ್ಕು ಹೋಳಿಗೆ ತಿಂದು, "ಕರಗಿಸುತ್ತೆ ಬಿಡು" ಎಂದು ಇನ್ಸುಲಿನ್ ಡೋಸನ್ನು ತಾವೇ ಏರಿಸಿಕೊಂಡವರನ್ನು ನಾನು ಬಲ್ಲೆ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಕೈ ನಡುಕ, ತಣ್ಣನೆ ಬೆವರು, ಮಂಕು. ಆಗ ಸಕ್ಕರೆಯೇ ಔಷಧಿ: ಎಚ್ಚರ ಇರುವವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಇರಲೇಬೇಕು.

ಈಗ ಎರಡನೇ ಪದ. "ಕೊನೆಗೆ ಅಪ್ಪ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಗತಿಗೆ ಬಂದರು."

ಈ ಸಾಲು ಓದಿ ಹಾಳೆ ಕೆಳಗಿಟ್ಟು ಎದ್ದು ಹೋದೆ. ನಮ್ಮಮ್ಮನ ಬಾಯಲ್ಲಿ ಇದ್ದದ್ದು ಇದೇ ಮಾತು. "ಸೂಜಿ ಬ್ಯಾಡ ಕಣಪ್ಪ, ಅದು ಕೊನೇ ಕಾಲಕ್ಕೆ." ಮಾತ್ರೆ ಸಾಲುತ್ತಿಲ್ಲ, ಇನ್ಸುಲಿನ್ ಶುರು ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ಮೂರು ವರ್ಷ ತಳ್ಳಿದರು. ಪಾಂಡವಪುರದ ಹತ್ತಿರ ಊರಿನಲ್ಲಿ ಒಬ್ಬರೇ ಇದ್ದರು, ನಾನು ಮೈಸೂರಿನಲ್ಲಿ. 1998ರ ಒಂದು ಭಾನುವಾರ ಹೋದಾಗ ಚಪ್ಪಲಿ ಬಿಟ್ಟು ಒಳಗೆ ಬಂದರು, ನೆಲದ ಮೇಲೆ ರಕ್ತದ ಗುರುತು. ಬಲಗಾಲ ಚಪ್ಪಲಿಯ ಅಟ್ಟೆಯಲ್ಲಿ ಒಂದು ಸೇಫ್ಟಿ ಪಿನ್ನು ಬಾಯಿ ತೆರೆದು ನಿಂತಿತ್ತು. ಬೆಳಗಿನಿಂದ ಅದರ ಮೇಲೆ ನಡೆದಿದ್ದರು. ನೋವೇ ಗೊತ್ತಾಗಿಲ್ಲ. ಸಕ್ಕರೆ ಜಾಸ್ತಿಯಾಗಿ ಪಾದದ ನರಗಳು ಆಗಲೇ ಸೋತಿದ್ದವು. ಗಾಯ ಮಾಗಲಿಲ್ಲ, ಒಂದು ಬೆರಳು ಹೋಯಿತು. ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರುವಾಯಿತು. ಮನೆಗೆ ಬಂದ ಮೇಲೆ ತಾವೇ ಹಾಕಿಕೊಳ್ಳಲು ಕಲಿತರು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಕುಡಿಕೆ ಇಟ್ಟು, ಬಾಟ್ಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಕೆಂಪು ಮುಚ್ಚಳದ ಸಿರಿಂಜು, ಮಿಲಿಲೀಟರ್‌ಗೆ 40 ಯೂನಿಟ್ಟಿನ ಬಾಟ್ಲಿ. ಎರಡೂ ಹೊಂದಬೇಕು, 100ರ ಬಾಟ್ಲಿಗೆ ಆ ಸಿರಿಂಜು ಹಾಕಿದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ ಎಂದು ನರ್ಸು ಹೇಳಿದ್ದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಲ ದಿನ ತಾವೇ ಹಾಕಿಕೊಂಡು, ಸೂಜಿ ತೆಗೆದು ನೋಡಿ, "ಇಷ್ಟೇನಾ? ಇಷ್ಟಕ್ಕಾ ನಾನು ಮೂರು ವರ್ಷ ಹೆದರ್ಕೊಂಡಿದ್ದು?" ಎಂದರು. ಆಮೇಲೆ ಹದಿನಾಲ್ಕು ವರ್ಷ ಬದುಕಿದರು.

'ಕೊನೆಗೆ' ಎಂದು ಬರೆದಾಗ ನೀವು ಒಂದು ದಿನಾಂಕ ಮರೆತಿರಿ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅವನ ತೂಕ ಮೂವತ್ತು ಕಿಲೋ ಇರಲಿಲ್ಲ. ಮೊದಲ ಚುಚ್ಚುಮದ್ದು ಸರಿಯಾಗಿ ಶುದ್ಧವಾಗಿರಲಿಲ್ಲ, ಫಲ ಸಿಗಲಿಲ್ಲ. ಹನ್ನೆರಡು ದಿನ ಬಿಟ್ಟು, ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಶುದ್ಧ ಮಾಡಿಕೊಟ್ಟ ಔಷಧಿ ಹಾಕಿದ ಮೇಲೆ ಹುಡುಗ ಚೇತರಿಸಿಕೊಂಡ, ಇನ್ನೂ ಹದಿಮೂರು ವರ್ಷ ಬಾಳಿದ. ಅದಕ್ಕೆ ಮುಂಚೆ ಅಂಥ ಮಕ್ಕಳಿಗೆ ಇದ್ದದ್ದು ಅರೆಹೊಟ್ಟೆಯ ಪಥ್ಯ, ಆಮೇಲೆ ಸಾವು. ಇವತ್ತು ಮಂಡ್ಯದ ಯಾವುದೋ ಶಾಲೆಯಲ್ಲಿ ಏಳು ವರ್ಷದ ಮಗು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಹಾಕಿಸಿಕೊಂಡು ಆಟ ಆಡುತ್ತಿರುತ್ತದೆ. ಅದರ ತಾಯಿ ನಿಮ್ಮ ಸಾಲು ಓದಿದರೆ? "ಆ ವರ್ಷದಿಂದ ಅಪ್ಪ ಇನ್ಸುಲಿನ್ ಹಾಕಿಕೊಳ್ಳತೊಡಗಿದರು" ಎಂದು ಬರೆಯಿರಿ. ಅಷ್ಟು ಸಾಕು.

ಇನ್ನು ಒಂದು ಮಾತು, ಇದು ಲೇಖನದ ಬಗ್ಗೆ ಅಲ್ಲ. ಕೊನೆಯ ಪುಟದಲ್ಲಿ ನೀವು ಬರೆದಿದ್ದೀರಿ: "ಅಪ್ಪ ದಿನವೂ ಹೊಕ್ಕುಳಿನ ಎಡಗಡೆ ಒಂದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಾರೆ. ಅಲ್ಲಿ ನೋವಾಗುವುದಿಲ್ಲವಂತೆ. ಮುಟ್ಟಿದರೆ ರಬ್ಬರ್ ಉಂಡೆಯ ಹಾಗೆ ಗಂಟು." ಇಡೀ ಲೇಖನದಲ್ಲಿ ನೀವು ನಿಜವಾಗಿ ಕಂಡದ್ದು ಇದು. ಆದರೆ ಆ ಗಂಟು ಒಳ್ಳೆಯದಲ್ಲ. ಒಂದೇ ಜಾಗಕ್ಕೆ ಹಾಕಿ ಹಾಕಿ ಅಲ್ಲಿಯ ಕೊಬ್ಬು ಊದಿಕೊಂಡಿದೆ. ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಏರುತ್ತದೆ, ಒಂದು ದಿನ ಏರುವುದಿಲ್ಲ. ಅಪ್ಪನ ಸಕ್ಕರೆ "ಒಂದು ದಿನ 90, ಮರುದಿನ 260" ಎಂದು ನೀವು ಬೇಸರಪಟ್ಟದ್ದಕ್ಕೆ ಅದೂ ಕಾರಣ ಇರಬಹುದು. ಜಾಗ ಬದಲಿಸಬೇಕು, ಹೊಟ್ಟೆಯಲ್ಲೇ ದಿನ ದಿನ ಒಂದು ಬೆರಳು ದೂರ, ಆಮೇಲೆ ತೊಡೆ. ಆದರೆ ಡಾಕ್ಟರಿಗೆ ತೋರಿಸದೆ ನಾಳೆಯೇ ಬದಲಿಸಬೇಡಿ. ಹೊಸ ಜಾಗದಲ್ಲಿ ಔಷಧಿ ಪೂರ್ತಿ ಏರಿ, ಅದೇ ಡೋಸಿಗೆ ಸಕ್ಕರೆ ತೀರಾ ಇಳಿದುಬಿಡಬಹುದು. ಡೋಸು ಎಷ್ಟು ತಗ್ಗಿಸಬೇಕು ಎಂದು ಅವರೇ ಹೇಳುತ್ತಾರೆ.

ಲೇಖನಕ್ಕೆ ಅವಸರವಿಲ್ಲ, ಕಾಯುತ್ತೇನೆ. ಈ ವಾರದೊಳಗೆ ಅಪ್ಪನನ್ನು ಕರೆದುಕೊಂಡು ಹೋಗಿ ಆ ಗಂಟು ತೋರಿಸಿ.