ಎರಡು ಫಿಸಿಯೋ ಭೇಟಿಗಳ ನಡುವೆ ಮನೆಯಲ್ಲೇನು ಮಾಡಬೇಕು?

ಪ್ರಶ್ನೆ: ಅವ್ವಗೆ 62 ವರ್ಷ. ಬಲ ಮೊಣಕಾಲಿನ ಕೀಲು ಬದಲಿಸಿ 3 ವಾರ ಆಯ್ತು. ಬಳ್ಳಾರಿಗೆ ಫಿಸಿಯೋಥೆರಪಿಗೆ 15 ದಿನಕ್ಕೊಮ್ಮೆ ಕರೆದೊಯ್ಯಲು ಮಾತ್ರ ಆಗುತ್ತದೆ. ನೋವು ಅಂತ ಮೊಣಕಾಲಿನ ಕೆಳಗೆ ದಿಂಬಿಟ್ಟುಕೊಂಡೇ ಮಲಗುತ್ತಾಳೆ. ಎಣ್ಣೆ ಹಚ್ಚಿ ತಿಕ್ಕಿದರೆ ಬೇಗ ಸಡಿಲಾಗುತ್ತದೆ ಎನ್ನುತ್ತಾರೆ ಓಣಿಯವರು. ಏನು ಮಾಡಿಸಲಿ?
– ಓದುಗರು, ಸಿಂಧನೂರು

ಉತ್ತರ: ಮೊದಲು ಆ ದಿಂಬು ತೆಗೆಯಿರಿ. ಬಾವು ಬಂದ ಕೀಲು ತುಸು ಮಡಚಿಕೊಂಡಿದ್ದರೆ ಒಳಗಿನ ಒತ್ತಡ ಇಳಿದು ಹಾಯೆನಿಸುತ್ತದೆ. ಅದಕ್ಕೇ ಅವರು ದಿಂಬು ಬಿಡುತ್ತಿಲ್ಲ. ಆದರೆ ವಾರಗಟ್ಟಲೆ ಹಾಗೇ ಮಲಗಿದರೆ ಕಾಲು ಪೂರ್ತಿ ನೇರವಾಗುವುದೇ ನಿಲ್ಲುತ್ತದೆ, ನಡಿಗೆಯಲ್ಲಿ ಕುಂಟು ಉಳಿಯುತ್ತದೆ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ. ಮೊಣಕಾಲಿನ ಕೆಳಗೆ ಏನೂ ಇರಬಾರದು. 5 ನಿಮಿಷದಿಂದ ಶುರುಮಾಡಿ 10ಕ್ಕೆ ಏರಿಸಿ, ದಿನಕ್ಕೆ 3–4 ಸಲ. ಹಾಗೇ ಮಲಗಿ ತೊಡೆ ಬಿಗಿಮಾಡಿ ಮೊಣಕಾಲನ್ನು ಕೆಳಕ್ಕೆ ಒತ್ತಿ, 5 ಎಣಿಸಿ ಬಿಡಲಿ, 10 ಸಲ. ಬಾಯಿಬಿಟ್ಟು ಎಣಿಸಲು ಹೇಳಿ, ಆಗ ಉಸಿರು ಕಟ್ಟುವುದಿಲ್ಲ.

ಮಡಚಲು, ಮಲಗಿಕೊಂಡು ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆದುಕೊಳ್ಳಬೇಕು. ಹತ್ತಿಯ ಗಾದಿಯಲ್ಲಿ ಹಿಮ್ಮಡಿ ಹೂತುಕೊಂಡು ಜಾರುವುದೇ ಇಲ್ಲ. ಕೆಲವರು ಇದನ್ನು ಬಿಡುವುದು ನೋವಿಗಲ್ಲ, ಈ ಕಾರಣಕ್ಕೆ. ಕಾಲುಚೀಲ ಹಾಕಿ ಅಡಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಸಲೀಸಾಗಿ ಜಾರುತ್ತದೆ. ಅದೇ ಕಾಲುಚೀಲದಲ್ಲಿ ಬಂಡೆ ಹಾಸಿದ ನೆಲದ ಮೇಲೆ ಮಾತ್ರ ನಡೆಸಬೇಡಿ. ವಾರಕ್ಕೊಮ್ಮೆ ಕುರ್ಚಿಯ ಮೇಲೆ ಕೂರಿಸಿ, ಪಾದವನ್ನು ಆದಷ್ಟು ಹಿಂದಕ್ಕೆ ಸರಿಸಲು ಹೇಳಿ, ಹೆಬ್ಬೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕುರ್ಚಿ ಅದೇ ಜಾಗದಲ್ಲಿರಬೇಕು, ಸೊಂಟ ಮುಂದೆ ಜಾರಬಾರದು. ಗೆರೆ ಎರಡು ಬೆರಳಷ್ಟು ಹಿಂದೆ ಹೋಗಿದ್ದು ಕಂಡರೆ ಅವ್ವಗೂ ಧೈರ್ಯ ಬರುತ್ತದೆ.

ವೈದ್ಯರು ಬರೆದುಕೊಟ್ಟ ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಬರುವಂತೆ ಹೊಂದಿಸಿಕೊಳ್ಳಿ. ಮುಗಿದ ಮೇಲೆ ತೆಳು ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಕಾಲು ಎತ್ತಿಡುವಾಗ ದಿಂಬು ಮೀನಖಂಡ ಮತ್ತು ಹಿಮ್ಮಡಿಯ ಕೆಳಗಿರಲಿ. ಕೋಲು ಎಡಗೈಯಲ್ಲಿ. ಮೆಟ್ಟಿಲು ಏರುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು.

ಎಣ್ಣೆ ತಿಕ್ಕುವುದು ಬೇಡವೇ ಬೇಡ. ಈ ಆಪರೇಷನ್ ಆದ ಮೇಲೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕೆಲವು ವಾರ ಇರುತ್ತದೆ, ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಗಾಯದಲ್ಲಿ ಕೀವು ಅಥವಾ ಜ್ವರ ಬಂದರೆ, ಉಸಿರುಗಟ್ಟಿದರೆ ಅಥವಾ ಎದೆ ನೋವು ಬಂದರೆ ಫಿಸಿಯೋ ದಿನಕ್ಕೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಎಡ ಭುಜ ಹಿಡಿದುಕೊಂಡಿದೆ, ಸಕ್ಕರೆ ಕಾಯಿಲೆಯೂ ಇದೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡಿದರೆ ನೋವಾಗುತ್ತದೆ, ಎರಡು ದಿನ ಬಿಡುತ್ತೇನೆ. ಆಮೇಲೆ ಬಿಟ್ಟದ್ದನ್ನೂ ಸೇರಿಸಿ ಮಾಡುತ್ತೇನೆ. ಸರಿಯೇ?
– ಅಂಗಡಿ ವ್ಯಾಪಾರಿ, ಗಂಗಾವತಿ

ಉತ್ತರ: ಬಾಕಿ ತೀರಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಟ್ಟ ದಿನ ಭುಜ ಬಿಗಿಯುತ್ತದೆ, ದುಪ್ಪಟ್ಟು ಮಾಡಿದ ದಿನ ಕೆರಳುತ್ತದೆ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ಮಾಡುವಾಗ 4ರೊಳಗಿದ್ದು ಸ್ವಲ್ಪ ಹೊತ್ತಿಗೆ ಮೊದಲಿನಂತಾದರೆ ಮುಂದುವರಿಸಿ. ರಾತ್ರಿ ನಿದ್ದೆ ಕೆಟ್ಟರೆ, ಮರುದಿನ ಬೆಳಿಗ್ಗೆ ನೋವು ಎಂದಿಗಿಂತ ಹೆಚ್ಚಿದ್ದರೆ ಎಣಿಕೆಯನ್ನು ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ.

ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನಷ್ಟೇ ಮಾಡುವವರೇ ಹೆಚ್ಚು. ಭುಜ ಹೀಗೆ ಹಿಡಿದುಕೊಂಡಾಗ ಎಲ್ಲಕ್ಕಿಂತ ಬಿಗಿಯುವುದು ತೋಳು ಹೊರಕ್ಕೆ ತಿರುಗುವ ಚಲನೆ. ಅಂಗಾತ ಮಲಗಿ, ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಚಿ, ಅಡಿಗೆ ಮಡಚಿದ ಟವೆಲ್ ಇಡಿ. ಎರಡೂ ಕೈಯಲ್ಲಿ ಕೋಲು ಹಿಡಿದು ಬಲಗೈಯಿಂದ ಎಡಗೈಯನ್ನು ಮೆಲ್ಲಗೆ ಹೊರಕ್ಕೆ ತಳ್ಳಿ 5 ಎಣಿಸಿ, 10 ಸಲ. ಮೊಣಕೈ ಪಕ್ಕೆ ಬಿಟ್ಟರೆ ಭುಜಕ್ಕೆ ಏನೂ ದಕ್ಕುವುದಿಲ್ಲ. ಗೋಡೆ ಹತ್ತುವಾಗ ಹೆಗಲು ಕಿವಿಯತ್ತ ಏರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಯಾರ ಕೈಯಲ್ಲೂ ಜಗ್ಗಿಸಿಕೊಳ್ಳಬೇಡಿ.

ಶುರುವಿಗೆ ಮುಂಚೆ 10–15 ನಿಮಿಷ ಬಿಸಿ ಶಾಖ ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಚರ್ಮದ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ತಿಳಿಯದು. ನೀರಿನ ಚೀಲಕ್ಕೆ ಟವೆಲ್ ಸುತ್ತಿ, ಬೇರೆಯವರಿಂದ ಬಿಸಿ ನೋಡಿಸಿ. ಸಕ್ಕರೆಯ ಗುಳಿಗೆ ತಪ್ಪಿಸಬೇಡಿ. ಈ ಕಾಯಿಲೆಯವರಲ್ಲಿ ಭುಜ ಸಡಿಲಾಗಲು ಹೆಚ್ಚು ತಿಂಗಳು ಹಿಡಿಯುವುದುಂಟು.

ಪ್ರಶ್ನೆ: ಅದಿರಿನ ಲಾರಿ ಓಡಿಸುತ್ತೇನೆ, ಸೊಂಟ ನೋವಿಗೆ ಫಿಸಿಯೋ ನಡೆದಿದೆ. 'ಹೇಗಿದೆ' ಎಂದು ಕೇಳಿದರೆ 'ಪರವಾಗಿಲ್ಲ' ಎಂದು ಬಂದುಬಿಡುತ್ತೇನೆ. ಏನು ಹೇಳಬೇಕು?
– ಚಾಲಕರು, ಸಂಡೂರು

ಉತ್ತರ: ಗಾಡಿಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಕೂತ ಎಷ್ಟು ನಿಮಿಷಕ್ಕೆ ನೋವು ಶುರುವಾಯಿತು, ಇಳಿದು ನಡೆದ ಎಷ್ಟು ಹೊತ್ತಿಗೆ ತಗ್ಗಿತು, ಸೊಂಟದಲ್ಲೇ ಇತ್ತೋ ಕಾಲಿಗಿಳಿಯಿತೋ ಎಂದು ದಿನಕ್ಕೆ ಒಂದು ಸಾಲು ಬರೆಯಿರಿ. ಕಾಲಿನ ನೋವು ತೊಡೆಗೆ, ತೊಡೆಯದು ಸೊಂಟಕ್ಕೆ ಮೇಲೇರುತ್ತಾ ಬಂದರೆ, ಸೊಂಟದಲ್ಲಿ ತುಸು ಹೆಚ್ಚಿದರೂ ಅದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ಮುಂದಿನ ಸಲ ನೀವು ವ್ಯಾಯಾಮ ಮಾಡುವುದನ್ನು ಫಿಸಿಯೋ ಎದುರೇ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಬರೀ ಕೇಳಿಸಿಕೊಂಡು ಬಂದದ್ದು ವಾರದಲ್ಲಿ ಬೇರೆಯೇ ಆಗಿಬಿಡುತ್ತದೆ. ತೊಡೆಸಂದು ಜೋಮು ಹಿಡಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.