ಕೇಳಿಸದ ಖೋ

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ಆರನೇ ತರಗತಿ. ಮೊದಲಿನಿಂದಲೂ ಮೆಲುದನಿಯವಳು, ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ನಿಲ್ಲುತ್ತಾಳೆ. ಓಟದಲ್ಲಿ ಚುರುಕೆಂದು ಶಾಲೆಯ ಖೋ ಖೋ ತಂಡಕ್ಕೆ ಆರಿಸಿದರು. ಹೋಬಳಿ ಮಟ್ಟದ ಪಂದ್ಯದಲ್ಲಿ ಇವಳು ಕೊಟ್ಟ ಖೋ ಅಂಪೈರ್‌ಗೆ ಕೇಳಿಸಲಿಲ್ಲವೆಂದು ಫೌಲ್ ಆಯಿತು. ಔಟಾಗಿದ್ದ ಹುಡುಗಿ ಉಳಿದುಕೊಂಡಳು, ನಮ್ಮವರು ಒಂದು ಅಂಕದಿಂದ ಸೋತರು. ನಾನು ಗೆರೆಯಾಚೆ ನಿಂತು ‘ಜೋರಾಗಿ ಹೇಳು’ ಎಂದು ಕೂಗಿದ್ದೆ. ಬೈಕಿನಲ್ಲಿ ಮನೆಗೆ ಬರುವಾಗಲೂ ದಾರಿಯುದ್ದಕ್ಕೂ ಅದನ್ನೇ ಹೇಳಿದೆ, ಅವಳ ಒಳ್ಳೆಯದಕ್ಕೇ. ಅಂದಿನಿಂದ ಅವಳು ಅಭ್ಯಾಸಕ್ಕೆ ಹೋಗುತ್ತಿಲ್ಲ. ನನ್ನ ತಾಯಿ ‘ಹೆಣ್ಣುಮಗುವಿಗೆ ಈ ಓಟವೆಲ್ಲ ಯಾಕೆ, ಬಿಡಿಸು’ ಎನ್ನುತ್ತಾರೆ. ಧೈರ್ಯ ಬರಲೆಂದು ಆಟಕ್ಕೆ ಕಳಿಸಿದರೆ ಇದ್ದ ಧೈರ್ಯವೂ ಹೋಯಿತೇ ಮೇಡಂ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಫೌಲ್ ಎರಡು ಆಗಿವೆ. ಒಂದು ಮೈದಾನದಲ್ಲಿ, ಇನ್ನೊಂದು ಬೈಕಿನ ಮೇಲೆ. ಮೊದಲನೆಯದಕ್ಕೆ ಅಂಪೈರ್ ಸೀಟಿ ಊದಿದರು, ಎರಡನೆಯದಕ್ಕೆ ಊದುವವರು ಇರಲಿಲ್ಲ.

ಬೇಸರ ಮಾಡಿಕೊಳ್ಳಬೇಡಿ, ಆ ಎರಡನೇ ಫೌಲನ್ನು ನಾನೂ ಮಾಡಿದ್ದೇನೆ. 31 ವರ್ಷ ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನದಲ್ಲಿ ಬಿಸಿಲು ಕಾಯಿಸಿದವಳು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾಲ್ಲೂಕು ಮಟ್ಟದಲ್ಲಿ ಸೋತು ಬಸ್ಸಿನಲ್ಲಿ ಮರಳುತ್ತಿದ್ದೆವು. ಕಂಬ ತಲುಪುವ ಮುನ್ನವೇ ಹಿಂದಿರುಗಿ ಫೌಲ್ ಮಾಡಿದ್ದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಬರುವವರೆಗೂ ನಿಯಮಗಳ ಪಾಠ ಮಾಡಿದೆ. ಅವಳು ಕಿಟಕಿಯಾಚೆ ನೋಡುತ್ತ ‘ಸರಿ ಮಿಸ್, ಸರಿ ಮಿಸ್’ ಎನ್ನುತ್ತಿದ್ದಳು. ಮರುದಿನ ಶಾಲೆಯಿಂದ ಕೊಟ್ಟಿದ್ದ ಬೂಟುಗಳನ್ನು ತೊಳೆದು ತಂದು ನನ್ನ ಕೊಠಡಿಯ ಮೂಲೆಯಲ್ಲಿಟ್ಟು ಹೋದಳು. ಮತ್ತೆ ಆಡಲಿಲ್ಲ.

ಸೋತ ಮಗುವಿಗೆ ತಾನು ತಪ್ಪಿದ್ದೆಲ್ಲಿ ಎಂಬುದು ನಮಗಿಂತ ಮೊದಲೇ ಗೊತ್ತಿರುತ್ತದೆ. ಮುಂದಿನ ಸಲ ಬೈಕ್ ಹತ್ತಿದ ಮೇಲೆ ‘ಹಸಿವಾಯಿತಾ?’ ಎಂದಷ್ಟೇ ಕೇಳಿ, ದಾರಿಯಲ್ಲೊಂದು ಮಸಾಲೆ ದೋಸೆ ಕೊಡಿಸಿ. ಗೆದ್ದು ಬಂದ ದಿನವೂ ಅದೇ ದೋಸೆ, ತುಪ್ಪ ಹೆಚ್ಚು ಬೇಡ. ಪಂದ್ಯದ ಮಾತನ್ನು ಅವಳೇ ತೆಗೆದರೆ ಕೇಳಿಸಿಕೊಳ್ಳಿ.

ಈಗ ಆ ಖೋ ವಿಚಾರ. ಗೆರೆಯಾಚೆ ನಿಂತವರಿಗೆ ಅದು ಒಂದಕ್ಷರದ ಕೆಲಸ. ಒಳಗಿರುವವಳ ಪಾಡು ಬೇರೆ. ಎಂಟು ಮಂದಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟಬೇಕು. ಕುಳಿತವರ ನಡುವೆ ನುಸುಳುವಂತಿಲ್ಲ, ತುದಿಯ ಕಂಬ ತಲುಪುವವರೆಗೆ ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಹಾಗೆ ಓಡುತ್ತಲೇ ಯಾರನ್ನು ಎಬ್ಬಿಸಬೇಕೆಂದು ಅರೆಕ್ಷಣದಲ್ಲಿ ಗೊತ್ತುಮಾಡಿಕೊಂಡು, ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ ಕೂಗಬೇಕು. ಏದುಸಿರಿನಲ್ಲಿ ದನಿ ತಾನಾಗಿ ಹೊರಡುವುದಿಲ್ಲ, ಅದನ್ನು ರೂಢಿ ಮಾಡಿಕೊಳ್ಳಬೇಕು. ನಿಮ್ಮ ಮಗಳಿಗೆ ಅಂದು ಸಾಲದೆ ಬಂದದ್ದು ಉಸಿರು. ನೀವು ಅದಕ್ಕೆ ಧೈರ್ಯವೆಂಬ ದೊಡ್ಡ ಹೆಸರು ಕೊಟ್ಟಿದ್ದೀರಿ, ಅವಳೂ ಅದನ್ನೇ ನಂಬಿದ್ದಾಳೆ. ‘ಮೊದಲಿನಿಂದಲೂ ಮೆಲುದನಿಯವಳು’ ಎಂದು ನನಗೆ ಬರೆದಿದ್ದೀರಲ್ಲ, ಅದನ್ನು ನೆಂಟರ ಮುಂದೆಯೂ ಹೇಳುತ್ತೀರಿ ಎಂದು ನನ್ನ ಗುಮಾನಿ. ಬಾಗಿಲ ಹಿಂದೆ ನಿಂತವಳಿಗೆ ಅದು ಕೇಳಿಸುತ್ತದೆ.

ಅವಳ ದೈಹಿಕ ಶಿಕ್ಷಕರನ್ನು ಒಮ್ಮೆ ಕಂಡು ಬನ್ನಿ, ಅವಳನ್ನು ಬಿಟ್ಟು ನೀವೊಬ್ಬರೇ. ಒಂದೆರಡು ವಾರ ಆಡದೆ ಅಂಕ ಬರೆಯಲು ಕುಳಿತರೂ ಸಾಕು, ಮೈದಾನದ ನಂಟು ಉಳಿಯುತ್ತದೆ.

ಇನ್ನು ನಿಮ್ಮ ತಾಯಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನೇಪಾಳವನ್ನು ಸೋಲಿಸಿ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಇದನ್ನು ಅಜ್ಜಿಗೆ ಹೇಳಿ, ಮೊಮ್ಮಗಳಿಗೆ ಹೇಳಬೇಡಿ. ಹೋಬಳಿ ಮಟ್ಟದಲ್ಲಿ ಅತ್ತ ಮಗುವಿನ ಮುಂದೆ ವಿಶ್ವಕಪ್ ಇಡುವುದು ಶಿಕ್ಷೆಯೇ ಸರಿ.

ಮಾತಿಗಿಂತ ಅಜ್ಜಿಗೆ ಕೆಲಸ ಕೊಡುವುದು ಮೇಲು. ಸಂಜೆ ಅಂಗಳದಲ್ಲಿ ಸೀಮೆಸುಣ್ಣದಿಂದ ನಾಲ್ಕು ಚೌಕ ಬರೆಯಿರಿ. ನೀವು, ನಿಮ್ಮ ಮನೆಯವರು, ಪಕ್ಕದ ಮನೆಯ ಮಕ್ಕಳು ತುದಿಗಾಲಿನಲ್ಲಿ ಕುಳಿತುಕೊಳ್ಳಿ. ಮಗಳು ಮನೆ ಸುತ್ತ ಒಂದು ಸುತ್ತು ಓಡಿಬಂದು ಆ ಏದುಸಿರಿನಲ್ಲೇ ಖೋ ಕೊಡಲಿ. ಕೇಳಿಸದಿದ್ದರೆ ಏಳಬೇಡಿ, ಏನೂ ಅನ್ನಲೂಬೇಡಿ. ಆಮೇಲೆ ನಿಮ್ಮ ಸರದಿ. ಅರ್ಧ ಸುತ್ತಿಗೇ ನಿಮ್ಮ ದನಿ ಅಡಗುತ್ತದೆ, ಅವಳು ಅದನ್ನು ನೋಡಲಿ. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ಕೈಗೆ ಸೀಟಿ ಕೊಡಿ, ಅವರೇ ಅಂಪೈರ್. ಕಿವಿ ತುಸು ಮಂದವಾಗಿದ್ದರೆ ಇನ್ನೂ ಒಳ್ಳೆಯದು. ಸೀಟಿಯನ್ನು ಮಾತ್ರ ಹಿಂದಕ್ಕೆ ಕೇಳಬೇಡಿ, ನಾನು ಕಂಡ ಅಜ್ಜಿಯರಲ್ಲಿ ಕೊಟ್ಟವರು ಕಡಿಮೆ.