ಹಳೆಯ ಮತ್ತಿ ತೊಲೆಗಳನ್ನು ಸೌದೆಗೆ ಕೊಡಬೇಡಿ: ಸಾಂಗೆಯ ಹೆಗಡೆಯವರಿಗೆ ಉತ್ತರ

ನಮಸ್ಕಾರ ಹೆಗಡೆಯವರೇ. ಗೋವಾದ ಸಾಂಗೆಯಲ್ಲಿನ ಹಳೆಯ ಮನೆಯ ಹಿಂಭಾಗವನ್ನು ಕೆಡವಿದಾಗ ಹನ್ನೊಂದು ಮತ್ತಿ ತೊಲೆಗಳು ಸಿಕ್ಕಿವೆ, ಅವನ್ನು ಸೌದೆಯ ಬೆಲೆಗೆ ಮಾರಿ ಸಾಗುವಾನಿ ಕೊಳ್ಳಿರೆಂದು ಬಡಗಿ ಹೇಳುತ್ತಿದ್ದಾರೆ, ಅವುಗಳಿಂದ ದಾರಂದ, ಊಟದ ಮೇಜು ಮತ್ತು ತೋಟದ ಬೇಲಿಗೂಟ ಮಾಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮಾರಬೇಡಿ. ದಾರಂದಕ್ಕೂ ಮೇಜಿಗೂ ಅದು ಒಳ್ಳೆಯ ಮರ, ಬೇಲಿಗೂಟಕ್ಕೆ ಅಲ್ಲ. ಮತ್ತಿಯನ್ನು ಸಾಗುವಾನಿಯಂತೆ ಬಳಸಿ, ಆಮೇಲೆ ಮರವನ್ನೇ ದೂರುವವರನ್ನು ಫೋಂಡಾದ ಸುತ್ತಮುತ್ತ ಬಹಳ ಕಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಅದು ಮತ್ತಿಯೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಕಡೆ ಕರಿಮತ್ತಿ ಎನ್ನುವ ಈ ಮರಕ್ಕೆ ಮರಾಠಿಯಲ್ಲಿ ಐನ್ ಎನ್ನುತ್ತಾರೆ, ವ್ಯಾಪಾರದಲ್ಲಿ ಇಂಡಿಯನ್ ಲಾರೆಲ್ ಎಂಬ ಹೆಸರಿದೆ, ಸಸ್ಯಶಾಸ್ತ್ರದ ಹೆಸರು ಟರ್ಮಿನೇಲಿಯ ಎಲಿಪ್ಟಿಕ. ಮೊಲೆಮ್ ಕಾಡಿನಲ್ಲಿ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿದ ಕಪ್ಪು ತೊಗಟೆಯ ಮರಗಳನ್ನು ನೀವು ನೋಡಿರಬಹುದು, ಅವೇ ಇವು. ಗೋವಾದ ರಾಜ್ಯವೃಕ್ಷವೂ ಇದೇ. ಕೊಯ್ದ ತೊಲೆಯಲ್ಲಿ ತೊಗಟೆ ಇರುವುದಿಲ್ಲವಾದ್ದರಿಂದ ಒಂದು ಮೂಲೆಯನ್ನು ಕೀಸಿ ನೋಡಿ: ಒಳಗಿನ ಚೇಗು ಗಾಢ ಕಂದು ಬಣ್ಣದ್ದಾಗಿದ್ದು ಅದರಲ್ಲಿ ಇನ್ನೂ ಕಪ್ಪಾದ ಗೆರೆಗಳಿರುತ್ತವೆ, ಹೊರಗಿನ ಎಳೆಯ ಭಾಗ ಬಿಳಿಚಾಗಿರುತ್ತದೆ. ತೂಕವೂ ಗುರುತು ಹೇಳುತ್ತದೆ. ಒಣಗಿದ ಮತ್ತಿ ಒಂದು ಘನ ಅಡಿಗೆ ಸುಮಾರು 24 ಕಿಲೋ ತೂಗಿದರೆ ಸಾಗುವಾನಿ 18ರ ಆಸುಪಾಸಿನಲ್ಲಿರುತ್ತದೆ. ಅಂದರೆ ನಾಲ್ಕು ಇಂಚು ಅಗಲ, ಆರು ಇಂಚು ಎತ್ತರ, ಹತ್ತು ಅಡಿ ಉದ್ದದ ನಿಮ್ಮ ಒಂದೊಂದು ತೊಲೆಯೂ ಸುಮಾರು 40 ಕಿಲೋ ಇರಬೇಕು.

ಈ ಮರದ ದೊಡ್ಡ ತೊಂದರೆ ಒಣಗುವಾಗಿನದು, ಬಡಗಿಗಳ ಭಯಕ್ಕೆ ಮೂಲವೂ ಅದೇ. ಹಸಿ ಮತ್ತಿಯನ್ನು ಬಿಸಿಲಿಗೆ ಅಥವಾ ಒಣಗಾಳಿಗೆ ಒಡ್ಡಿದರೆ ಒಳಭಾಗ ಇನ್ನೂ ಹಸಿಯಾಗಿರುವಾಗಲೇ ಮೇಲ್ಮೈ ಒಣಗಿ ಕುಗ್ಗುತ್ತದೆ, ಆ ಎಳೆತಕ್ಕೆ ಮರ ಸೀಳುತ್ತದೆ. ನಾನೇ ಇಪ್ಪತ್ತು ವರ್ಷಗಳ ಹಿಂದೆ ಒಂದು ಸಾಮಿಲ್ಲಿನವರ ಮಾತು ನಂಬಿ ಮಾರ್ಚ್ ತಿಂಗಳಲ್ಲಿ ಹಸಿ ಮತ್ತಿಯ ದಾರಂದ ಕೂರಿಸಿದ್ದೆ. ಮೇ ಮುಗಿಯುವ ಹೊತ್ತಿಗೆ ಎರಡೂ ನಿಲುವುಗಳಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಹೊಸ ಮತ್ತಿಯನ್ನು ಕೊಯ್ಸಿದ ಕೂಡಲೇ ತುದಿಗಳಿಗೆ ಸೆಗಣಿಯನ್ನೋ ಮೇಣವನ್ನೋ ಬಳಿದು, ನಡುನಡುವೆ ರೀಪು ಇಟ್ಟು, ನೆರಳಿನಲ್ಲಿ ಪೇರಿಸಿ ತಿಂಗಳುಗಟ್ಟಲೆ ಕಾಯಬೇಕು. ನಿಮ್ಮ ತೊಲೆಗಳಾದರೋ ದಶಕಗಳ ಕಾಲ ಹೆಂಚಿನ ಕೆಳಗೆ, ಅಡುಗೆಮನೆಯ ಹೊಗೆಯಲ್ಲಿ ಒಣಗಿವೆ. ಬಿಡಬೇಕಾದ ಬಿರುಕನ್ನೆಲ್ಲ ಅವು ಆಗಲೇ ಬಿಟ್ಟಾಗಿದೆ. ಇಂಥ ಮರವನ್ನು ಇಂದು ಹಣ ಕೊಟ್ಟರೂ ಸುಲಭವಾಗಿ ಕೊಳ್ಳಲಾಗದು.

ಬಾಳಿಕೆಯ ವಿಷಯದಲ್ಲಿ ಚೇಗನ್ನೂ ಬಿಳಿ ಭಾಗವನ್ನೂ ಬೇರೆಬೇರೆಯಾಗಿ ನೋಡಬೇಕು. ಬಿಳಿ ಭಾಗಕ್ಕೆ ಕುಟ್ಟೆ ಬೇಗ ಹತ್ತುತ್ತದೆ, ಅದನ್ನು ಕೊಯ್ದು ತೆಗೆದುಬಿಡಿ. ಚೇಗು ಸೂರಿನ ಕೆಳಗೆ ತಲೆಮಾರುಗಟ್ಟಲೆ ನಿಲ್ಲುತ್ತದೆ, ಆದರೆ ಸಾಗುವಾನಿಯಲ್ಲಿರುವಷ್ಟು ಎಣ್ಣೆಯ ರಕ್ಷಣೆ ಇದಕ್ಕಿಲ್ಲ. ಗೋವಾದ ಮಳೆಗಾಲದಲ್ಲಿ ಮಣ್ಣಿನೊಳಗೆ ಹೂತ ಕಂಬ ನೆಲಮಟ್ಟದಲ್ಲಿ ಕೊಳೆಯುತ್ತದೆ, ಒರಲೆಯೂ ಹಿಡಿಯುತ್ತದೆ. ಔಷಧಿ ಹೊಡೆದರೂ ಚೇಗು ಅದನ್ನು ಒಳಕ್ಕೆ ಹೀರಿಕೊಳ್ಳುವುದಿಲ್ಲ. ಬೇಲಿಗೆ ಕಲ್ಲುಕಂಬ ನೆಡಿ, ಇಲ್ಲವೇ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಗೂಟ ಊರಿ. ಅದು ಚಿಗುರಿ ನಿಮ್ಮ ಅಡಿಕೆಗೆ ಸೊಪ್ಪನ್ನೂ ಕೊಡುತ್ತದೆ.

ತೊಲೆಗಳ ತುದಿಗಳನ್ನು ವಿಶೇಷವಾಗಿ ಪರೀಕ್ಷಿಸಿ. ಇಲ್ಲಿನ ಕೆಂಪು ಚಿರೆಕಲ್ಲು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಗೋಡೆಯೊಳಗೆ ಕೂತಿದ್ದ ಒಂದು ಅಡಿಯಷ್ಟು ಭಾಗ ಎಷ್ಟೋ ಸಲ ಒಳಗೊಳಗೇ ಕೆಟ್ಟಿರುತ್ತದೆ. ಸುತ್ತಿಗೆಯಿಂದ ಬಡಿಯುತ್ತ ಹೋದರೆ ಗಟ್ಟಿ ಮರ ಟಣ್ಣೆನ್ನುತ್ತದೆ, ಕೆಟ್ಟದ್ದು ಬೊದ್ದು ಸದ್ದು ಮಾಡುತ್ತದೆ; ಸದ್ದು ಬದಲಾದ ಜಾಗದಿಂದ ಒಂದು ಗೇಣು ಒಳಕ್ಕೆ ಬಂದು ಕತ್ತರಿಸಿ. ಹೊಸ ದಾರಂದವನ್ನು ಕೂರಿಸುವಾಗಲೂ ನಿಲುವುಗಳ ಬುಡವನ್ನು ನೆಲದ ಗಾರೆಯೊಳಗೆ ಹೂಳದೆ ಕಲ್ಲಿನ ಹೊಸ್ತಿಲ ಮೇಲೆ ನಿಲ್ಲಿಸಿ, ಗೋಡೆಗೆ ತಾಗುವ ಮಗ್ಗುಲಿಗೆ ಗೇರೆಣ್ಣೆಯನ್ನು ಎರಡು ಸಲ ಬಳಿಸಿ. ಗೇರೆಣ್ಣೆ ಚರ್ಮವನ್ನು ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಕೊಯ್ಸುವ ಮೊದಲು ಪ್ರತಿ ತೊಲೆಯ ಮೇಲೂ ಅಯಸ್ಕಾಂತ ಆಡಿಸಿ ಹಳೆಯ ಮೊಳೆಗಳನ್ನೆಲ್ಲ ಕೀಳಿಸಿ, ಇಲ್ಲದಿದ್ದರೆ ಸಾಮಿಲ್ಲಿನವರ ಗರಗಸ ಹಾಳಾಗುತ್ತದೆ. ಮತ್ತಿಯ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕೀಸುಳಿ ಅಲ್ಲಲ್ಲಿ ಎಳೆ ಕೀಳುತ್ತದೆ. ಅಲಗನ್ನು ಆಗಾಗ ಮಸೆದು ತೆಳುವಾಗಿ ಕೀಸುವಂತೆ ಬಡಗಿಗೆ ಹೇಳಿ, ಮರ ಗಟ್ಟಿಯಾದ್ದರಿಂದ ಕೂಲಿ ಸ್ವಲ್ಪ ಹೆಚ್ಚು ಕೇಳಿದರೆ ಅದು ನ್ಯಾಯವೇ. ತೂತು ಕೊರೆಯದೆ ಮೊಳೆ ಹೊಡೆಯಬಾರದು. ಮರದಲ್ಲಿ ಒಗರಿರುವುದರಿಂದ ತೇವ ತಗುಲಿದರೆ ಕಬ್ಬಿಣದ ಸುತ್ತ ನೀಲಿಗಪ್ಪು ಕಲೆ ಹರಡುತ್ತದೆ. ಮೇಜಿಗೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿಸಿ. ಮೇಜಿನ ಹಲಗೆಗೆ ಬಣ್ಣ ಹಚ್ಚಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೀಡಿದರೆ ಸಾಕು, ಆ ಕಪ್ಪು ಗೆರೆಗಳು ಮೇಲೆದ್ದು ಕಾಣುವ ಅಂದ ಸಾಗುವಾನಿಗೂ ಇಲ್ಲ.

ಎರಡು ತೊಲೆಗಳನ್ನು ಸಿರಸಿಯ ಮನೆಗೆ ಒಯ್ಯುವ ಯೋಚನೆ ಇದೆ ಎಂದಿದ್ದೀರಿ. ಹಳೆಯ ಮರವಾದರೂ ಗಡಿ ದಾಟಿಸುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಸಾಗಣೆ ಪರವಾನಗಿಯ ಬಗ್ಗೆ ವಿಚಾರಿಸಿ, ಮನೆ ಕೆಡವಿದ ಫೋಟೊಗಳನ್ನು ಜೊತೆಗೆ ಇಟ್ಟುಕೊಳ್ಳಿ. ಹಿತ್ತಲಲ್ಲಿ ನಿಂತಿರುವ ಮತ್ತಿಯ ಮರವನ್ನಂತೂ 1984ರ ಗೋವಾ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ.

ನೀವು ಹಾಕಿದ ಫೋಟೊದಲ್ಲಿ ತೊಲೆಗಳು ಅಂಗಳದ ಮಣ್ಣಿನ ಮೇಲೆಯೇ ಬಿದ್ದಿವೆ. ಉಳಿದ ಕೆಲಸ ನಿಧಾನವಾದರೂ ಚಿಂತೆಯಿಲ್ಲ, ಆದರೆ ಇವತ್ತೇ ಅವನ್ನು ಕಲ್ಲುಗಳ ಮೇಲೆ ಒಂದು ಅಡಿ ಎತ್ತರಕ್ಕೆ ಏರಿಸಿ, ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳಲ್ಲಿ ಗಾಳಿಯಾಡಲು ಬಿಡಿ.